ನೇಪಾಳಕ್ಕೇಕೆ ಹೋಗಬೇಕು, ಚೌಟರ ಚಾವಡಿ ಇರುವಾಗ?

ಈ ವಾರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡಿನ ಬಗ್ಗೆ ಬರೆಯುವುದೆಂದು ಮಾತಾಗಿತ್ತು. 1430ರ ಆ ಬಸದಿಯ ಮಾತು ಬಂದಾಗಲೆಲ್ಲ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯೂಸನ್ ಅಡ್ಡ ಬರುತ್ತಾನೆ. ಇಂಥ ಕಟ್ಟಡ ಭಾರತದಲ್ಲಿ ಬೇರೆಲ್ಲೂ ಇಲ್ಲ, ಇದರ ಲಕ್ಷಣಗಳೆಲ್ಲ ಇರುವುದು ನೇಪಾಳದಲ್ಲಿ ಎಂದು 1876ರಲ್ಲಿ ಬರೆದವನು ಅವನು. ಇದರ ಮೂಲ ಮರದ ಕಟ್ಟಡವೇ ಎಂದು ಅವನೇ ಗುರುತಿಸಿದ್ದ. ಆ ಅರ್ಧವನ್ನು ಬಿಟ್ಟು ನೇಪಾಳವನ್ನಷ್ಟೇ ಹಿಡಿದುಕೊಂಡವರ ಮೇಲೆ ನನ್ನ ತಕರಾರು ಹಳೆಯದು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಇಳಿಜಾರು ಮಾಡು ಕಟ್ಟಲು ಹಿಮಾಲಯದ ಪಾಠ ಬೇಕೆ? ಬಂಟ್ವಾಳ, ಬೆಳ್ತಂಗಡಿ ಕಡೆಯ ಯಾವುದಾದರೂ ಹಳೆಯ ಗುತ್ತಿನ ಮನೆಯ ಚಾವಡಿಯಲ್ಲಿ ಕುಳಿತು ತಲೆ ಎತ್ತಿದರೆ ತೊಲೆ, ಪಕಾಸುಗಳೇ ಉತ್ತರ ಹೇಳುತ್ತವೆ.

ಅದಕ್ಕಿಂತ ಒಳ್ಳೆಯ ಸಾಕ್ಷಿ ಮೂಡುಬಿದಿರೆಯಲ್ಲೇ ಇದೆ: ಚೌಟರ ಅರಮನೆ. ಬಸದಿಗೆ ಬಂದವರಲ್ಲಿ ಹೆಚ್ಚಿನವರು ಅತ್ತ ಹಾಯುವುದೇ ಇಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನ ವಂಶದ ಮನೆ ಇದು; ಅಳಿಯಸಂತಾನದ ಜೈನ ಅರಸರದ್ದು. ಅರಮನೆಯೆಂದರೆ ಮೈಸೂರನ್ನು ನೆನೆಯುವವರಿಗೆ ಇದು ದೊಡ್ಡ ಮನೆಯಂತೆ ಕಂಡೀತು. ತುಳುನಾಡಿನ ಅರಸೊತ್ತಿಗೆಯ ಅಳತೆಯೇ ಅದು. ಗೋಪುರ, ಗುಮ್ಮಟಗಳಲ್ಲಿ ತೋರಿಸದ ವೈಭವವನ್ನೆಲ್ಲ ಇಲ್ಲಿ ಮರದ ಕಂಬಗಳ ಮೇಲೆ ತೋರಿಸಿದ್ದಾರೆ.

ಮಾಡಿನ ಮಾತು ಇಲ್ಲಿಗೆ ನಿಲ್ಲಲಿ, ಆ ಕಂಬಗಳನ್ನೇ ನೋಡೋಣ. ಒಂದೆಡೆ ನವನಾರಿ ಕುಂಜರ: ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಇನ್ನೊಂದೆಡೆ ಪಂಚನಾರಿ ತುರಗ: ಐವರು ಸೇರಿ ಕುದುರೆ. ಮೊದಲ ನೋಟಕ್ಕೆ ಆನೆಯೇ. ಹತ್ತಿರ ಹೋದಂತೆ ಬಾಗಿದ ಬೆನ್ನು, ಮಡಚಿದ ಮೊಣಕಾಲು, ಚಾಚಿದ ತೋಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಒಮ್ಮೆ ಬಿಡಿಸಿಕೊಂಡ ಮೇಲೆ ಮತ್ತೆ ಆನೆಯನ್ನು ಕೂಡಿಸುವುದಕ್ಕೆ ಎರಡು ಹೆಜ್ಜೆ ಹಿಂದೆ ಸರಿಯಲೇಬೇಕು. ಈ ಕಲ್ಪನೆ ರಾಜಸ್ಥಾನದ ಚಿತ್ರಗಳಲ್ಲಿದೆ, ಒಡಿಶಾದ ಪಟಗಳಲ್ಲಿದೆ. ಆದರೆ ಬಣ್ಣದಲ್ಲಿ ತಪ್ಪಿದರೆ ಮೇಲೆ ಬಳಿಯಬಹುದು. ಮರದಲ್ಲಿ ಒಂದು ಉಳಿಪೆಟ್ಟು ಜಾರಿದರೆ ಒಬ್ಬಳ ಮುಖ ಹೋಯಿತು, ಅವಳೊಡನೆ ಆನೆಯೂ ಹೋಯಿತು. ಇಲ್ಲಿನ ಆಚಾರಿ ಆ ಪೆಟ್ಟಿಗೆ ಅವಕಾಶ ಕೊಟ್ಟಿಲ್ಲ.

ಈ ಕೈಗೆ ಮರ ಎಷ್ಟು ಒಗ್ಗಿತ್ತೆಂದು ಕಂಡ ಮೇಲೆ ಬಸದಿಗೆ ಹೋಗಿ. ಜಗಲಿಯ ಮೇಲೆ ಹಲಗೆಯಂತೆ ಓರೆಯಾಗಿ ಜೋಡಿಸಿದ ಕಲ್ಲುಚಪ್ಪಡಿಗಳನ್ನೂ ಮರದ ದಿಮ್ಮಿಯ ಅಂಚು ಕೆತ್ತಿದಂತಿರುವ ಹೊರಗಂಬಗಳನ್ನೂ ನೋಡಿ. ಬಡಗಿಯ ಕೆಲಸವನ್ನೇ ಶಿಲ್ಪಿ ಕಲ್ಲಿನಲ್ಲಿ ಮಾಡಿದ್ದಾನೆ. ಅರಮನೆಯಲ್ಲಿ ವಂಶಸ್ಥರು ಇಂದಿಗೂ ವಾಸವಿದ್ದಾರೆ. ಕೇಳಿಕೊಂಡೇ ಒಳಗೆ ಹೋಗಬೇಕು. ಮುಂದಿನ ವಾರ ಕೊಡಂಗಲ್ಲಿನ ನಿಷಿಧಿಗಳು, ಅಂದರೆ ಜೈನ ಸಮಾಧಿಗಳು.