ಫಾಂಟ್ ಪರಿವರ್ತನೆಯೂ ಪಾಠಪರಿಷ್ಕರಣವೂ

ಗ್ರಂಥಸಂಪಾದನೆಯನ್ನು ಬೋಧಿಸುವಾಗ ಓಲೆಗರಿ, ಕಾಗದದ ಹಸ್ತಪ್ರತಿ, ಮುದ್ರಿತ ಪ್ರತಿ ಎಂಬ ಮೂರು ಆಕರಗಳನ್ನು ನಾವು ವಿದ್ಯಾರ್ಥಿಗಳಿಗೆ ಪರಿಚಯಿಸುತ್ತ ಬಂದಿದ್ದೇವೆ. ಕಳೆದ ಮೂರು ದಶಕಗಳಲ್ಲಿ ನಾಲ್ಕನೆಯದೊಂದು ಸದ್ದಿಲ್ಲದೆ ಸೇರಿಕೊಂಡಿದೆ. ಅದು ಗಣಕಪ್ರತಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ಇದರ ಪ್ರಸ್ತಾಪವಿರಲು ಸಾಧ್ಯವಿರಲಿಲ್ಲ, ಅವರ ಅನಂತರ ಬಂದ ನಾವೂ ಇದನ್ನು ಕುರಿತು ಯೋಚಿಸದಿರುವುದು ಮಾತ್ರ ನಮ್ಮ ಲೋಪ. ಹಳೆಯ ಕಡತವನ್ನು ಹೊಸ ಗಣಕದಲ್ಲಿ ತೆರೆದು ಓದುವಂತೆ ಮಾಡುವುದು ಬೆರಳಚ್ಚಿನವರ ಕೆಲಸವೆಂದು ನಾವು ಬಗೆದಿದ್ದೇವೆ. ಅದು ಸಂಪಾದಕನ ಕೆಲಸವೆಂಬುದು ಪ್ರಸ್ತುತ ಟಿಪ್ಪಣಿಯ ವಾದ.

ಈ ವಾದಕ್ಕೆ ಒಂದು ಪ್ರಸಂಗ ಕಾರಣ. ದಿವಂಗತರಾದ ಹಿರಿಯ ವಿದ್ವಾಂಸರೊಬ್ಬರು ಹಳಗನ್ನಡ ಚಂಪೂಕಾವ್ಯವೊಂದರ ಪಾಠಗಳನ್ನು ನಾಲ್ಕು ಹಸ್ತಪ್ರತಿಗಳಿಂದ ಸಂಕಲಿಸಿ ಅಚ್ಚಿಗೆ ಸಿದ್ಧಪಡಿಸಿದ್ದರು. ಗ್ರಂಥ ಪ್ರಕಟವಾಗಲಿಲ್ಲ, ಕೈಬರಹದ ಪ್ರತಿಯೂ ಉಳಿಯಲಿಲ್ಲ. ಅವರ ಮನೆಯವರು ನಮಗೆ ಒಪ್ಪಿಸಿದ್ದು ಆರು ಫ್ಲಾಪಿಗಳನ್ನು. ಫ್ಲಾಪಿ ಓದುವ ಸಾಧನವನ್ನು ಹುಡುಕಿದ ಕಥೆ ಇಲ್ಲಿ ಬೇಡ. ಕಡತಗಳು ಪೇಜ್‌ಮೇಕರಿನವು, ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಅಂತಹ ಕಡತಗಳನ್ನು ಇಂದಿಗೂ ತೆರೆಯಬಲ್ಲುದು. ತೆರೆಯಿತು; ಆದರೆ ಕಂಡದ್ದು ಕನ್ನಡವಲ್ಲ. ನೆರವಿಗೆ ಬಂದಿದ್ದ, ಕನ್ನಡವರಿಯದ ಗಣಕತಜ್ಞರು ಕಡತ ಕೆಟ್ಟಿದೆ, ಅಳಿಸಿಬಿಡಿ ಎಂದು ಸಲಹೆಯಿತ್ತರು. ಹೊರನಾಡಿನಲ್ಲಿ ಕನ್ನಡದ ಕೆಲಸ ಮಾಡುವವರಿಗೆ ಇದು ಹೊಸ ಅನುಭವವೇನಲ್ಲ.

ಕಡತ ಕೆಟ್ಟಿರಲಿಲ್ಲ. ಆ ಕಾಲದ ಕನ್ನಡ ಫಾಂಟುಗಳು ಅಕ್ಷರವನ್ನಲ್ಲ, ಅಕ್ಷರದ ಆಕಾರವನ್ನು ಸಂಗ್ರಹಿಸುತ್ತಿದ್ದವು. ರೋಮನ್ ಲಿಪಿಗೆಂದು ಗೊತ್ತುಮಾಡಿದ್ದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ‘ನುಡಿ’ಯ ಹಳೆಯ ಸಂಕೇತದಲ್ಲಿ ‘ಕನ್ನಡ’ ಎಂದು ಬರೆದು, ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ದೊಡ್ಡ ಪಿ, ತಲೆಯ ಮೇಲೆ ಗೀಟುಳ್ಳ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮಗುದೊಮ್ಮೆ ಎ – ಹೀಗೆ ಏಳು ಚಿಹ್ನೆಗಳು ಕಾಣುತ್ತವೆ. ನಕಾರದ ಒತ್ತೇ ಆ ಜರ್ಮನ್ ಅಕ್ಷರ! ಅಕ್ಷರವನ್ನೇ ಸಂಗ್ರಹಿಸುವ ಭಾರತೀಯ ಮಾನಕ ‘ಇಸ್ಕಿ’ 1991ರ ಹೊತ್ತಿಗೆ ಇತ್ತು. ಯೂನಿಕೋಡಿನ ಮೊದಲ ಆವೃತ್ತಿಯೂ ಅದೇ ವರ್ಷದ್ದು. ಆದರೂ ಪ್ರಕಾಶನರಂಗ ಬಹುಕಾಲ ಆಕಾರವನ್ನೇ ಆಶ್ರಯಿಸಿತು. ನಮ್ಮ ಅಭಿಪ್ರಾಯದಲ್ಲಿ ಇದು ಅಚ್ಚುಮೊಳೆಯ ಮನೋಧರ್ಮದ ಮುಂದುವರಿಕೆ. ಪುಟ ಅಚ್ಚಾದರೆ ಮೊಳೆಯ ಕೆಲಸ ಮುಗಿಯಿತು. ಆ ಪುಟವನ್ನು ಇನ್ನೊಂದು ಯಂತ್ರ ಓದಬೇಕಾದೀತೆಂಬ ಕಲ್ಪನೆ ಯಾರಿಗೂ ಇರಲಿಲ್ಲ.

ಇಂತಹ ಕಡತವನ್ನು ಯೂನಿಕೋಡಿಗೆ ತರಲು ಪರಿವರ್ತಕಗಳಿವೆ. ಅವು ಮಾಡುವ ತಪ್ಪುಗಳು ಎರಡು ಬಗೆಯವು. ಇವುಗಳ ನಡುವಣ ವ್ಯತ್ಯಾಸವೇ ನಮಗೆ ಮುಖ್ಯ. ಮೊದಲನೆಯದು ಸ್ಥಾನಪಲ್ಲಟ. ಆಕಾರದ ಸಂಕೇತದಲ್ಲಿ ಅರ್ಕಾವತ್ತು, ಕಣ್ಣಿಗೆ ಕಾಣುವಂತೆಯೇ, ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ಯದಿದ್ದರೆ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ, ‘ಧರ್ಮ’ವು ‘ಧಮರ್’ ಆಗುತ್ತದೆ, ‘ಆದಿಪರ್ವ’ವು ‘ಆದಿಪವರ್’ ಎಂದಾಗಿ ಕುಮಾರವ್ಯಾಸನಿಗೆ ವಿದ್ಯುತ್ ಸಂಪರ್ಕ ದೊರೆಯುತ್ತದೆ. ನಗೆ ಬರಿಸುವ ಈ ತಪ್ಪು ಅಪಾಯಕಾರಿಯಲ್ಲ. ಅದು ನಿಯತವಾದುದು; ಓದುಗನಿಗೆ ಕೂಡಲೆ ಕಾಣುತ್ತದೆ; ನಿಯಮದಿಂದಲೇ ತಿದ್ದಬಹುದು.

ಎರಡನೆಯದು ಲೀನವಾಗುವ ತಪ್ಪು. ನಮ್ಮ ಕಡತದ ಫಾಂಟಿನಲ್ಲಿ ೞ ಇರಲಿಲ್ಲ. ಆ ವಿದ್ವಾಂಸರು ಬೇರೊಂದು ಫಾಂಟಿನಿಂದ ಆ ಒಂದೇ ಅಕ್ಷರವನ್ನು ತಂದು ನೂರಾರು ಕಡೆ ತಾಳ್ಮೆಯಿಂದ ಕೂಡಿಸಿದ್ದರು. ಪರಿವರ್ತಕಕ್ಕೆ ಅದು ತಿಳಿಯದೆ, ಅಲ್ಲೆಲ್ಲ ಒಂದು ವಿಚಿತ್ರ ಚಿಹ್ನೆ ಉಳಿಯಿತು. ಪುಟವಿನ್ಯಾಸ ಮಾಡುತ್ತಿದ್ದವರು ಕನ್ನಡ ಬಲ್ಲವರು, ಶ್ರದ್ಧಾವಂತರು. ಸಂದರ್ಭ ನೋಡಿ, ಒಂದೇ ಆಜ್ಞೆಯಲ್ಲಿ ಅವೆಲ್ಲವನ್ನೂ ಳಕಾರಕ್ಕೆ ಬದಲಿಸಿದರು. ‘ನಾಶವಾಗು’ ಎಂಬರ್ಥದ ‘ಅೞಿ’ ದುಂಬಿಯೆಂಬರ್ಥದ ‘ಅಳಿ’ಯಾಯಿತು. ‘ಬದುಕು’ ಎಂಬರ್ಥದ ‘ಬಾೞ್’ ಕತ್ತಿಯೆಂಬರ್ಥದ ‘ಬಾಳ್’ ಆಯಿತು. ಕರಡಿಗೆ ಒಪ್ಪಿಗೆಯ ಸಹಿ ಹಾಕಿದವರು ನಾವೇ. ಹಳಗನ್ನಡವನ್ನು ಮೂವತ್ತು ವರ್ಷ ಪಾಠ ಹೇಳಿದ ಕಣ್ಣಿಗೆ ಅದು ಕಾಣಲಿಲ್ಲ, ಏಕೆಂದರೆ ಓದು ಎಲ್ಲಿಯೂ ಎಡವಲಿಲ್ಲ. ಕಂಡದ್ದು ಸಂಶೋಧನ ವಿದ್ಯಾರ್ಥಿನಿಯೊಬ್ಬಳಿಗೆ. ಅಡಿಟಿಪ್ಪಣಿಯಲ್ಲಿ ‘ಗ’ ಪ್ರತಿಯ ಪಾಠಾಂತರವೆಂದು ‘ಅಳಿ’ಯನ್ನು ಕೊಟ್ಟಿದೆ, ಮೇಲಿನ ಪದ್ಯದಲ್ಲಿಯೂ ‘ಅಳಿ’ ಎಂದೇ ಇದೆಯಲ್ಲ, ಎರಡೂ ಒಂದೇ ಆದರೆ ಟಿಪ್ಪಣಿ ಏತಕ್ಕೆ ಎಂದು ಆಕೆ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಇದು ಲಿಪಿಕಾರರ ಪರಿಚಿತ ದೋಷವೇ. ಅಪರಿಚಿತ ರೂಪವನ್ನು ಪರಿಚಿತ ರೂಪಕ್ಕೆ ಇಳಿಸುವುದು ಅವರ ಸ್ವಭಾವ. ಕೇಶಿರಾಜನು 13ನೆಯ ಶತಮಾನದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಡಬೇಕಾಗಿ ಬಂದದ್ದು ಆಗಲೇ ಗೊಂದಲವಿದ್ದುದರಿಂದ. ಆದರೆ ಓಲೆಯ ಲಿಪಿಕಾರ ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆಯುತ್ತಾನೆ. ಆ ಮರೆವೇ ಸಂಪಾದಕನಿಗೆ ಸಾಕ್ಷಿ. ಯಂತ್ರ ಮರೆಯುವುದಿಲ್ಲ. ಒಂದು ಗಳಿಗೆಯಲ್ಲಿ ಇಡೀ ಕಾವ್ಯದ ಸಾಕ್ಷ್ಯವನ್ನು ಒರಸಿಹಾಕುತ್ತದೆ, ಮೂಲ ಳಕಾರ ಯಾವುದು, ಬಂದು ಸೇರಿದ್ದು ಯಾವುದು ಎಂದು ಹೊಸ ಕಡತ ಎಂದಿಗೂ ಹೇಳಲಾರದು.

ಯೂನಿಕೋಡ್ ಸೇರಿದ ಮಾತ್ರಕ್ಕೆ ೞ ಕ್ಷೇಮವೆಂದು ತಿಳಿಯಬೇಕಾಗಿಲ್ಲ. ಅದಕ್ಕೆ ಅಲ್ಲಿ ಸ್ಥಾನವೇನೋ ಇದೆ, ಆದರೆ ಇಟ್ಟ ಹೆಸರು ‘ಫ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿ ಸೇರಿಸಲಾಗಿದೆ. ಓಲೆಯ ಅಂಚಿನ ತಿದ್ದುಪಡಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಅವಗ್ರಹಚಿಹ್ನೆಯಂತೂ ಕನ್ನಡ ವಿಭಾಗಕ್ಕೆ ಬಂದದ್ದು 2003ರಲ್ಲಿ. ಅದಕ್ಕೆ ಮುಂಚಿನ ಕಡತಗಳಲ್ಲಿ ಏನೇನು ಅದರ ವೇಷ ಹಾಕಿದೆಯೋ ನೋಡಿಯೇ ತಿಳಿಯಬೇಕು.

ಈಚೆಗೆ ಹಳೆಯ ಸಂಪಾದಿತ ಕಾವ್ಯಗಳು ‘ಪರಿವರ್ತಿತ’ ರೂಪದಲ್ಲಿ ಮರುಮುದ್ರಣಗೊಳ್ಳುತ್ತಿವೆ. ಮೂಲ ಕಡತ ಯಾವ ಫಾಂಟಿನಲ್ಲಿತ್ತು, ಯಾವ ಪರಿವರ್ತಕ ಬಳಸಿದರು, ಏನನ್ನು ಕೈಯಿಂದ ತಿದ್ದಿದರು ಎಂಬ ಒಂದು ವಾಕ್ಯವನ್ನೂ ಪ್ರಸ್ತಾವನೆಯಲ್ಲಿ ನಾವು ಕಂಡಿಲ್ಲ. ಹಸ್ತಪ್ರತಿಯ ಉದ್ದಗಲವನ್ನು ಅಂಗುಲದ ಲೆಕ್ಕದಲ್ಲಿ ವರ್ಣಿಸುವ ಸಂಪಾದಕರು ಈ ವಿಷಯದಲ್ಲಿ ಮೌನಿಗಳು.

ನಮ್ಮ ಕಾವ್ಯದ ಮಟ್ಟಿಗೆ, ಸಲಹೆ ಕೇಳಿ ಮೂಲ ಕಡತವನ್ನು ಅಳಿಸದಿದ್ದುದು ಅದೃಷ್ಟ. ಅಲ್ಲಿ ಆ ಚಿಹ್ನೆ ಹಾಗೆಯೇ ಇದೆ. ಕರಡನ್ನು ಹಿಂಪಡೆದು, ಫ್ಲಾಪಿಯ ಪ್ರತಿಯನ್ನು ‘ಕ’ ಎಂದೂ ಪರಿವರ್ತಿತ ಪ್ರತಿಯನ್ನು ‘ಕ1’ ಎಂದೂ ಹೆಸರಿಸಿ, ಓಲೆಗಳನ್ನು ಹೋಲಿಸುವಂತೆ ಪದ್ಯ ಪದ್ಯವಾಗಿ ಹೋಲಿಸುತ್ತಿದ್ದೇವೆ. ಮೂರನೆಯ ಆಶ್ವಾಸ ನಡೆಯುತ್ತಿದೆ. ಐದನೆಯ ಫ್ಲಾಪಿಯನ್ನು ಯಾವ ಸಾಧನವೂ ಇದುವರೆಗೆ ಓದಿಲ್ಲ.