ನಸುಗುನ್ನಿ ಪುಡಿಯ ಅಳತೆ

ಆಲಮಟ್ಟಿಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಇಡೀ ರಾತ್ರಿಯ ದಾರಿ. ಕೈ ನಡುಗುವ ಜಡ್ಡಿಗೆ ಅಷ್ಟು ದೂರ ಹೋಗುವ ಮೊದಲು ನಸುಗುನ್ನಿ ಬೀಜದ ಪುಡಿಯನ್ನು ಹಾಲಿನಲ್ಲಿ ಕೊಟ್ಟು ನೋಡೋಣ ಎನ್ನುವವರನ್ನು ಕಂಡು ನಗಬೇಕಾಗಿಲ್ಲ. ಪಾರ್ಕಿನ್ಸನ್‌ಗೆ ಇಂದಿಗೂ ಮುಖ್ಯ ಮದ್ದಾಗಿರುವ ಲೆವೊಡೋಪವನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಈ ಬೀಜದಿಂದ ಬೇರ್ಪಡಿಸಿದ್ದರು. ಆಯುರ್ವೇದದ ಕಂಪವಾತ ಚಿಕಿತ್ಸೆಯ ಬಗ್ಗೆ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು 1991ರಲ್ಲಿ ಗಂಭೀರವಾಗಿಯೇ ಬರೆದರು.

ಪುಡಿ ಕೆಲಸ ಮಾಡುತ್ತದೆ. ನನ್ನ ತಕರಾರಿರುವುದು ‘ಇದು ಬರೀ ಆಹಾರ, ಅಡ್ಡಪರಿಣಾಮವಿಲ್ಲ’ ಎಂಬ ಮಾತಿಗೆ. ಒಳಗೆ ಮದ್ದಿದೆ ಎಂಬ ಕಾರಣಕ್ಕೇ ಅದು ನಡುಕ ಇಳಿಸುವುದು. ಹಾಗಿದ್ದ ಮೇಲೆ ಮದ್ದಿನ ಕಾಟವೂ ತಪ್ಪದು. ಮಾತ್ರೆಯಲ್ಲಿ ಲೆವೊಡೋಪದ ಜೊತೆ ಕಾರ್ಬಿಡೋಪ ಇರುತ್ತದೆ. ಲೆವೊಡೋಪ ಮಿದುಳು ಮುಟ್ಟುವ ಮೊದಲೇ ಡೋಪಮೈನ್ ಆಗಿಬಿಡುವುದನ್ನು ಅದು ತಡೆಯುತ್ತದೆ. ಪುಡಿಯಲ್ಲಿ ಅದಿಲ್ಲ, ಆದ್ದರಿಂದ ವಾಕರಿಕೆ, ವಾಂತಿ ಹೆಚ್ಚು. ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆಸುತ್ತಬಹುದು. ಮಾತ್ರೆಯ ಮೇಲೆ ಪುಡಿಯನ್ನೂ ಸೇರಿಸಿದರೆ ಕೈಕಾಲು ತಾವೇ ಕುಣಿಯಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು.

2004ರ ಲಂಡನ್ ಪ್ರಯೋಗದಲ್ಲಿ 30 ಗ್ರಾಂ ಪುಡಿ ಮಾತ್ರೆಗಿಂತ ಬೇಗ ಹಿಡಿಯಿತು, ಹೆಚ್ಚು ಹೊತ್ತು ನಿಂತಿತು. ಮಾರುವವರು ಇದನ್ನು ಮಾತ್ರ ಹೇಳುತ್ತಾರೆ. ಅಲ್ಲಿದ್ದದ್ದು 8 ರೋಗಿಗಳು. ಬೊಲಿವಿಯಾದಲ್ಲಿ 14 ಮಂದಿಗೆ ವಾರಗಟ್ಟಲೆ ಕೊಟ್ಟಾಗ ಅರ್ಧದಷ್ಟು ಜನ ನಡುವೆಯೇ ಬಿಟ್ಟರು: ಕೆಲವರಿಗೆ ಹೊಟ್ಟೆಯ ತೊಂದರೆ, ಕೆಲವರಿಗೆ ಚಲನೆಯೇ ಹದಗೆಟ್ಟಿತು. ಅಮೆರಿಕದಲ್ಲಿ ಮಾರುವ 16 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೆವೊಡೋಪ 2 ಮಿಲಿಗ್ರಾಂನಿಂದ 241 ಮಿಲಿಗ್ರಾಂವರೆಗೆ ಸಿಕ್ಕಿತ್ತು. ಮುಚ್ಚಳ ಹಾಕಿದ ಡಬ್ಬಿಗಳ ಹಣೆಬರಹ ಇದಾದರೆ, ಸಂತೆಯ ಪೊಟ್ಟಣದ ಚಮಚವನ್ನು ಯಾರು ಲೆಕ್ಕ ಹಾಕುವುದು?

ಹಾಲೂ ನಿರಪಾಯವಲ್ಲ. ಅದರ ಪ್ರೊಟೀನ್ ಕರುಳಲ್ಲಿ ಲೆವೊಡೋಪದ ಜೊತೆ ಪೈಪೋಟಿಗೆ ಬೀಳುತ್ತದೆ.

ಊಟದ ನಿಜವಾದ ಉಪಕಾರ ಹೊತ್ತು ನೋಡಿ ಉಣ್ಣುವುದರಲ್ಲಿದೆ. ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ಜೋಳದ ರೊಟ್ಟಿ; ಮಾತ್ರೆಯ ಪರಿಣಾಮ ಏರಿಳಿಯುವವರಿಗೆ ವೈದ್ಯರ ಸಲಹೆಯಂತೆ ಕಾಳುಪಲ್ಯ, ಶೇಂಗಾ ಹಿಂಡಿ ಸಂಜೆಗೆ; ಮಲಬದ್ಧತೆಗೆ ಸೊಪ್ಪು, ನೀರು. ಇದನ್ನು ಯಾರೂ ಪೊಟ್ಟಣ ಕಟ್ಟಿ ಮಾರಲಾರರು, ಅದಕ್ಕೇ ಇದರ ಜಾಹೀರಾತೂ ಇಲ್ಲ.

‘ಪುಡಿ ತಿಂತೀರೇನ್ರಿ? ಎಷ್ಟು ಚಮಚ?’ ಎಂದು ಗದರದೆ ಕೇಳುವ ವೈದ್ಯರು ಬೇಕು. ಬೈಸಿಕೊಳ್ಳುವ ಅಂಜಿಕೆಗೆ ರೋಗಿ ಮುಚ್ಚಿಡುತ್ತಾನೆ. ಇಲ್ಲವೇ ಪುಡಿ ನಂಬಿ ಮಾತ್ರೆಯನ್ನು ಒಮ್ಮೆಲೇ ಬಿಡುತ್ತಾನೆ. ಹಾಗೆ ಬಿಟ್ಟವರಿಗೆ ಜ್ವರವೇರಿ, ಮೈ ಸೆಟೆದು, ಜೀವಕ್ಕೇ ಕುತ್ತು ಬರಬಹುದು.