ಕತ್ತಲೆಯ ಕಾದಂಬರಿಯನ್ನು ಏಕೆ ಓದಬೇಕು?

ಸುಳ್ಯದ ಕಡೆಯ ನನ್ನ ಬಂಧುಗಳೊಬ್ಬರು ಅಡಿಕೆ ಕೃಷಿಕರು; ಒಳ್ಳೆಯ ಓದುಗರೂ ಹೌದು. ಅವರ ತೋಟಕ್ಕೆ ಹಳದಿ ಎಲೆ ರೋಗ ಹತ್ತಿದೆ. ಈಚೆಗೆ ನನ್ನನ್ನು ಕೇಳಿದರು: “ಅಲ್ಲ ಮಾರಾಯ್ರೆ, ಹಗಲಿಡೀ ತೋಟ ಸಾಯುವುದನ್ನು ನೋಡಿದವನು ರಾತ್ರಿ ಪುಸ್ತಕದಲ್ಲಿಯೂ ಸಾವನ್ನೇ ನೋಡಬೇಕೆ? ‘ಚೋಮನ ದುಡಿ’ ಯಾಕೆ? ‘ಬೆಟ್ಟದ ಜೀವ’ ಸಾಲದೆ?”

ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿಯೂ, ‘ಬೆಟ್ಟದ ಜೀವ’ 1943ರಲ್ಲಿಯೂ ಹೊರಬಂದವು. ಮೊದಲನೆಯದರಲ್ಲಿ ಓದುಗನಿಗೆ ಎಲ್ಲಿಯೂ ಆಸರೆಯಿಲ್ಲ. ಚೋಮನ ಮಕ್ಕಳಲ್ಲಿ ಒಬ್ಬ ಜ್ವರಕ್ಕೆ ತುತ್ತಾಗುತ್ತಾನೆ; ಇನ್ನೊಬ್ಬ, ಮುಟ್ಟಿ ಎತ್ತುವವರಿಲ್ಲದೆ, ನೀರುಪಾಲಾಗುತ್ತಾನೆ. ಕೊನೆಗೆ ಚೋಮನೂ ದುಡಿ ಬಾರಿಸುತ್ತ ಸಾಯುತ್ತಾನೆ.

ಆದರೆ ಇದು ಶೂನ್ಯವಾದವೆ? ಶೂನ್ಯವಾದಿಗೆ ಯಾವುದೂ ಬೆಲೆಯುಳ್ಳದ್ದಲ್ಲ; ಆದುದರಿಂದ ಯಾವುದನ್ನು ಕಳೆದುಕೊಂಡರೂ ಅವನಿಗೆ ನಷ್ಟವಿಲ್ಲ. ಚೋಮನಿಗಾದರೋ ಒಂದು ತುಂಡು ಗದ್ದೆಯ ಬೆಲೆ ಗೊತ್ತು. ತನ್ನ ಎರಡು ಎತ್ತುಗಳನ್ನು ಕಟ್ಟಿ, ಗೇಣಿಗಾದರೂ ಉಳಬೇಕೆಂಬುದು ಅವನ ಆಸೆ. ಕಾರಂತರು ಆ ಆಸೆಯನ್ನು ಎಲ್ಲಿಯೂ ಹಾಸ್ಯ ಮಾಡುವುದಿಲ್ಲ. ಪುಸ್ತಕ ಮುಚ್ಚಿದ ಮೇಲೆ, ಸಿಗದೆಹೋದ ಆ ಗದ್ದೆ ನಮ್ಮ ಕಣ್ಣಿಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಹೀಗೆಂದೇ ನಾನು ಹಲವು ವರ್ಷ ಪಾಠ ಹೇಳಿದೆ. ಒಂದು ದಿನ, ಚೋಮನ ಕೇರಿಯಿಂದಲೇ ಬಂದ ಹುಡುಗನೊಬ್ಬ ಎದ್ದುನಿಂತ. “ಸರ್, ನಮ್ಮ ಅಜ್ಜನಿಗೂ ಗದ್ದೆ ಸಿಗಲಿಲ್ಲ. ಆದರೆ ಅವರು ಹಾಗೆ ಸಾಯಲಿಲ್ಲ. ಕೂಲಿ ಮಾಡಿ ಅಪ್ಪನನ್ನು ಶಾಲೆಗೆ ಕಳುಹಿಸಿದರು. ಅದು ಕಾದಂಬರಿಯಲ್ಲಿ ಯಾಕಿಲ್ಲ?” ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಯೂ ದೊರೆಯದ ಚೋಮನಂಥವರು ಬಹುಮಟ್ಟಿಗೆ ಹೊರಗೇ ಉಳಿದರು. ಆ ಮಟ್ಟಿಗೆ ಕಾದಂಬರಿ ಸತ್ಯವನ್ನೇ ನುಡಿದಿತ್ತು. ಆದರೆ ಸೋತೂ ಬದುಕಿದವನ ಕಥೆ ಅದರಲ್ಲಿಲ್ಲ. ಕತ್ತಲೆಯ ಕೃತಿಯ ಅಪಾಯ ಇರುವುದು ಇಲ್ಲಿಯೇ: ಒಬ್ಬನ ಸೋಲನ್ನು ಓದುಗರು ಒಂದು ಕುಲದ ಹಣೆಬರಹವೆಂದು ಬಗೆದು, ಕಣ್ಣೊರೆಸಿಕೊಂಡು ಸುಮ್ಮನಾಗಬಹುದು.

ಇನ್ನು ನನ್ನ ಬಂಧುಗಳು ಮೆಚ್ಚಿದ ‘ಬೆಟ್ಟದ ಜೀವ’ವೂ ಬರಿಯ ಬೆಳಕಲ್ಲ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ತೋಟ ಎಬ್ಬಿಸಿದ ಗೋಪಾಲಯ್ಯನವರ ನಗುವಿನ ಹಿಂದೆ, ಮನೆ ಬಿಟ್ಟುಹೋದ ಮಗನ ಕೊರಗಿದೆ. ಅವರ ತೋಟ ಅವರಿಗೆ ಬೇಕು. ಚೋಮನ ಗದ್ದೆ ಅವನಿಗೆ ಬೇಕು. ಬೇಕೆಂಬುದು ಉಳಿದಿರುವ ತನಕ ಕೃತಿ ಶೂನ್ಯವಲ್ಲ. ಆದುದರಿಂದ ‘ಚೋಮನ ದುಡಿ’ಯನ್ನು ಓದೋಣ, ಅದನ್ನೇ ಕೊನೆಯ ಮಾತೆಂದು ಒಪ್ಪದೆ, ಆ ಹುಡುಗನಂತೆ ಎದ್ದು ಪ್ರಶ್ನೆ ಕೇಳುತ್ತ ಓದೋಣ.